ದಾರಿಯ ರಿಪೇರಿ ಮನೆ ಮುಟ್ಟುವ ತನಕ

ಹೋಟೆಲ್ ಕೆಲಸಗಾರರ ಪತ್ರಿಕೆಯಲ್ಲಿ ಜೀಪಿನ ವಿಷಯವೇಕೆ ಎಂದು ವಾಚಕ ಬಂಧುಗಳು ಕೇಳಬಹುದು. ಕೇಳತಕ್ಕದ್ದೇ. ಮುಂಬಯಿಗೆ ಬಂದು ಕಪ್ಪುಬಸಿ ತೊಳೆದು, ಮಾಣಿಗಳಾಗಿ ಓಡಾಡಿ ಬೆಳೆದ ನಮಗೂ ಇಂಜಿನಿಗೂ ಏನು ಸಂಬಂಧ? ಆದರೆ ಊರಿನ ಕಡೆ ಒಮ್ಮೆ ನೋಡಿರಿ. ಒಂದೇ ಮನೆಯ ಅಣ್ಣ ಇಲ್ಲಿ ತಟ್ಟೆ ಹಿಡಿದಿದ್ದರೆ ತಮ್ಮ ಅಲ್ಲಿ ಸ್ಟಿಯರಿಂಗ್ ಹಿಡಿದಿದ್ದಾನೆ. ರಜೆಯಲ್ಲಿ ಊರಿಗೆ ಹೋದಾಗ ಕೊಲ್ಲೂರಮ್ಮನ ದರ್ಶನ ಮಾಡಿ, ಅಲ್ಲಿಂದ ಬಾಡಿಗೆ ಜೀಪು ಹತ್ತಿ ಕೊಡಚಾದ್ರಿಗೆ ಹೋಗಿ ಬಂದವರು ನಮ್ಮಲ್ಲಿ ಬಹಳ ಮಂದಿ. ಬೆಟ್ಟದ ಎತ್ತರ 1343 ಮೀಟರು. ನಿಟ್ಟೂರಿನ ಮೇಲಿಂದ ಸುತ್ತಿ ಹೋಗುವ ಆ ದಾರಿಯ ಕೊನೆಯ ಭಾಗಕ್ಕೆ ರಸ್ತೆಯೆಂಬ ಹೆಸರು ಸಲ್ಲದು. ಅದು ಬರಿಯ ಮಣ್ಣು, ಕಲ್ಲು, ನೀರು ಕೊರೆದ ಕಾಲುವೆ. ನಾವು ಸರ್ವಜ್ಞ ಪೀಠಕ್ಕೆ ಕೈ ಮುಗಿದು ಇಳಿದು ಬರುತ್ತೇವೆ. ನಮ್ಮನ್ನು ಹೊತ್ತೊಯ್ದ ಡ್ರೈವರಣ್ಣ ಅದೇ ದಾರಿಯನ್ನು ಮತ್ತೆ ಹತ್ತಬೇಕು.

ಇಂತಹ ದಾರಿಯಲ್ಲಿ ಗಾಡಿ ಕೆಟ್ಟರೆ ಏನು ಗತಿ? ಗ್ಯಾರೇಜು ಇಲ್ಲ, ಫೋನಿಗೆ ಎಷ್ಟೋ ಕಡೆ ಸಿಗ್ನಲೂ ಇಲ್ಲ. ಡ್ರೈವರು ಕೆಳಗಿಳಿಯುತ್ತಾನೆ, ಬಾನೆಟ್ ಎತ್ತುತ್ತಾನೆ, ಕೈಗೆ ಸಿಕ್ಕಿದ್ದರಲ್ಲಿ ಏನೋ ಮಾಡುತ್ತಾನೆ, ಗಾಡಿ ಹೊರಡುತ್ತದೆ. ಒಳಗೆ ಕುಳಿತ ಪೇಟೆಯವರು ಚಪ್ಪಾಳೆ ತಟ್ಟಿ “ಭಲೇ ಜುಗಾಡ್!” ಎನ್ನುತ್ತಾರೆ. ಈ ‘ಜುಗಾಡ್’ ಎಂಬ ಮಾತಿನ ಮೇಲೆ ನಮಗೆ ಸಿಟ್ಟಿದೆ. ಅದರಲ್ಲಿ ಹೊಗಳಿಕೆಯೂ ಇದೆ, ಮೋಸವೂ ಇದೆ.

ಮೊದಲು ಹೊಗಳಿಕೆಗೆ ತಕ್ಕುದನ್ನು ಹೇಳೋಣ. ಅದು ಅದೃಷ್ಟವಲ್ಲ, ವಿದ್ಯೆ. ಪೆಟ್ರೋಲ್ ಟಾಂಕಿಗೆ ಕಲ್ಲು ತಗುಲಿ ಸಣ್ಣ ತೂತಾದರೆ ಬಟ್ಟೆ ಒಗೆಯುವ ಸಾಬೂನನ್ನು ಒತ್ತಿ ತಿಕ್ಕಿ ಮುಚ್ಚುತ್ತಾರೆ. ಸಾಬೂನೇ ಏಕೆ? ಎಷ್ಟೋ ಬಗೆಯ ಅಂಟು ಪೆಟ್ರೋಲಿನಲ್ಲಿ ಕರಗಿ ಹೋಗುತ್ತದೆ, ಸಾಬೂನು ಕರಗುವುದಿಲ್ಲ. ರೇಡಿಯೇಟರಿನ ರಬ್ಬರ್ ಪೈಪು ಸೀಳಿದರೆ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು ಬಿಗಿದು ಸುತ್ತುತ್ತಾರೆ. ಇಂಜಿನು ತಣಿದ ಮೇಲೆ ಮುಚ್ಚಳವನ್ನು ತುಸು ಸಡಿಲವಾಗಿಯೇ ಬಿಡುತ್ತಾರೆ. ಒಳಗೆ ಒತ್ತಡ ಏರದಿದ್ದರೆ ಸೋರುವುದೂ ಕಡಿಮೆ. ಕಾದ ರೇಡಿಯೇಟರಿನ ಮುಚ್ಚಳ ತೆರೆದು ಮುಖ ಸುಟ್ಟುಕೊಳ್ಳುವವನು ಹೊಸಬ; ಹಳಬ ಮರದ ನೆರಳಿನಲ್ಲಿ ಬೀಡಿ ಸೇದುತ್ತ ಕಾಯುತ್ತಾನೆ. ರೇಡಿಯೇಟರಿನ ನಳಿಗೆಯೇ ಸೋರಿದರೆ ಇಕ್ಕಳದಿಂದ ಆ ಒಂದು ನಳಿಗೆಯನ್ನು ಹಿಂಡಿ ಮುಚ್ಚುತ್ತಾರೆ, ಇಲ್ಲವೇ ಒಂದು ಮುಷ್ಟಿ ಅರಿಸಿನ ಪುಡಿ ಸುರಿಯುತ್ತಾರೆ. ನಮ್ಮ ಅಡಿಗೆಮನೆಯ ಅರಿಸಿನವೇ! ಅದು ತೂತಿನಲ್ಲಿ ಹೋಗಿ ಕೂರುತ್ತದೆ. ಆಮೇಲೆ ಒಳ್ಳೆಯ ನಳಿಗೆಗಳಲ್ಲಿಯೂ ಕೂರುತ್ತದೆಂಬುದನ್ನು ಹೊಗಳುವವರು ಹೇಳುವುದಿಲ್ಲ. ಊರು ಮುಟ್ಟಿದ ಕೂಡಲೇ ಬಿಚ್ಚಿ ತೊಳೆಯದಿದ್ದರೆ ಮುಂದಿನ ಬಾಡಿಗೆಯಲ್ಲಿ ಇಂಜಿನು ಕುದಿಯುವುದು ಖಂಡಿತ.

ಡೀಸೆಲ್ ಗಾಡಿಯ ಪೈಪಿನಲ್ಲಿ ಗಾಳಿ ಸೇರಿದರೆ ಇಂಜಿನು ಕೆಮ್ಮಿ ನಿಲ್ಲುತ್ತದೆ. ಆಗ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆ ನಿಂತು ಬರಿಯ ಡೀಸೆಲು ಬರುವ ತನಕ ಕಾದು ಬಿಗಿಯಬೇಕು. ಕ್ಲಚ್ ಕೇಬಲ್ ತುಂಡಾದರೆ ಮೊದಲನೆಯ ಗೇರಿನಲ್ಲಿಯೇ ಸ್ಟಾರ್ಟರ್ ಹೊಡೆದು ಗಾಡಿ ನಡೆಸಿ, ಮುಂದಿನ ಗೇರುಗಳನ್ನು ಇಂಜಿನಿನ ಸದ್ದು ಕೇಳಿಯೇ ಬದಲಿಸುವವರಿದ್ದಾರೆ. ಸ್ಪ್ರಿಂಗಿನ ದೊಡ್ಡ ಪಟ್ಟಿ ಮುರಿದರೆ ಮರದ ಕೊರಡನ್ನು ಇಟ್ಟು ತಂತಿ ಹಗ್ಗಗಳಿಂದ ಕಟ್ಟಿ ನಡಿಗೆಯ ವೇಗದಲ್ಲಿ ಇಳಿಸುತ್ತಾರೆ. ಹಿಂದಿನ ಶಾಫ್ಟಿನ ಜಾಯಿಂಟು ಮುರಿದರೆ? ಹಳೆಯ ಜೀಪಿನಲ್ಲಿ ಆ ಶಾಫ್ಟನ್ನೇ ಬಿಚ್ಚಿ ಒಳಗೆ ಹಾಕಿಕೊಂಡು, ಫೋರ್‌ವೀಲ್ ಲಿವರ್ ಎಳೆದು, ಮುಂದಿನ ಎರಡು ಚಕ್ರಗಳ ಬಲದಿಂದಲೇ ಊರಿಗೆ ತರುತ್ತಾರೆ. ಶಾಲೆಯಲ್ಲಿ ಏಳನೆಯ ತರಗತಿಯ ಮುಂದೆ ಹೋಗದ ಕೈಗಳು ಇವನ್ನು ಮಾಡುತ್ತವೆ. ಏಳನೆಯ ತರಗತಿಯ ಮುಂದೆ ನಾವೂ ಹೋಗಲಿಲ್ಲವಾದ್ದರಿಂದ ಈ ಮಾತನ್ನು ಹೆಮ್ಮೆಯಿಂದಲೇ ಬರೆಯುತ್ತೇವೆ.

ಜೀಪು ಹುಟ್ಟಿದ್ದೇ ಇದಕ್ಕೆ ಎನ್ನಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರ ತನಕ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಸಾಮಾನ್ಯ ಸಿಪಾಯಿಯು ಸಾಮಾನ್ಯ ಪಾನಾ ಹಿಡಿದು ಬಿಚ್ಚಿ ಜೋಡಿಸಬಲ್ಲ ಗಾಡಿ ಅದು. ಸ್ವಾತಂತ್ರ್ಯ ಬಂದ ಆ ಮೊದಲ ವರ್ಷಗಳಲ್ಲಿ ಅದನ್ನೇ ಮಹೀಂದ್ರಾ ಕಂಪನಿಯವರು ನಮ್ಮ ಮುಂಬಯಿಯ ಮಜಗಾಂವಿನಲ್ಲಿ ಜೋಡಿಸತೊಡಗಿದರು. ದಾರ್ಜಿಲಿಂಗಿನ ಕಡೆಯ ಮಾನೆಭಂಜ್ಯಾಂಗಿನಿಂದ 3636 ಮೀಟರ್ ಎತ್ತರದ ಸಂದಕ್‌ಫುವಿಗೆ 1950ರ ದಶಕದ ಲ್ಯಾಂಡ್ ರೋವರುಗಳು ಮೊಮ್ಮಕ್ಕಳ ಕಾಲದ ತನಕ ಓಡಿದ್ದೂ ಅಲ್ಲಿಯ ಡ್ರೈವರುಗಳ ಕೈಗುಣದಿಂದಲೇ. ಹೊಸ ಗಾಡಿಗಳ ಮಾತು ಬೇರೆ. ಅವುಗಳಲ್ಲಿ ಇಂಧನವು ಎಲೆಕ್ಟ್ರಾನಿಕ್ ಪೆಟ್ಟಿಗೆಯ ಅಪ್ಪಣೆಯಿಲ್ಲದೆ ಹರಿಯದು. ಸಾಬೂನಿಗೂ ಸೈಕಲ್ ಟ್ಯೂಬಿಗೂ ಅದು ಬಗ್ಗುವುದಿಲ್ಲ.

ಇನ್ನು ಮೋಸದ ಮಾತಿಗೆ ಬರೋಣ. ದಾರಿಯಲ್ಲಿ ಮಾಡಿದ ರಿಪೇರಿ ಮನೆ ಮುಟ್ಟುವುದಕ್ಕೆ. ಮರುದಿನದ ಬಾಡಿಗೆಗೆ ಅಲ್ಲ. ಇದು ಪ್ರತಿಯೊಬ್ಬ ಡ್ರೈವರಿಗೂ ಗೊತ್ತು, ಪ್ರತಿಯೊಬ್ಬ ಧಣಿಗೂ ಗೊತ್ತು. ಆದರೂ ಸೀಸನ್ನಿನ ದಿನಗಳಲ್ಲಿ ಏನಾಗುತ್ತದೆ? ಸ್ವಂತ ಜೀಪು ಉಳ್ಳವನು ಸಾಲದ ಕಂತಿಗೆ ಹೆದರಿ ಓಡಿಸುತ್ತಾನೆ. ಅವನ ಕಷ್ಟ ಅವನದು, ಅವನನ್ನು ಬೈಯಲು ನಮಗೆ ಬಾಯಿ ಬಾರದು. ಆದರೆ ಸಂಬಳದ ಡ್ರೈವರಿನ ಕಥೆ ಬೇರೆ. “ನಿನ್ನೆ ಓಡಿತಲ್ಲ, ಇಂದೂ ಓಡುತ್ತದೆ” ಎನ್ನುತ್ತಾರೆ ಧಣಿಗಳು. ಕಟ್ಟಿದ ಹಗ್ಗ ಹಾಗೆಯೇ ಇರುತ್ತದೆ, ಸುತ್ತಿದ ಟ್ಯೂಬು ಹಾಗೆಯೇ ಇರುತ್ತದೆ. ಹೊಸ ಪೈಪಿನ ದುಡ್ಡು ಧಣಿಯ ಜೇಬಿನಲ್ಲಿ ಉಳಿಯಿತು, ಅಪಾಯ ಮಾತ್ರ ಡ್ರೈವರಿನ ಕೊರಳಿಗೆ ಬಿತ್ತು. ‘ಜುಗಾಡ್’ ಎಂದು ಬೆನ್ನು ತಟ್ಟಿದರೆ ಪೈಪು ಕೊಳ್ಳುವ ಖರ್ಚು ಉಳಿಯುವುದಾದರೆ ಯಾವ ಧಣಿ ತಾನೇ ಬೆನ್ನು ತಟ್ಟುವುದಿಲ್ಲ?

ಇದನ್ನು ತಿಳಿಯಲು ನಮಗೆ ಬೆಟ್ಟ ಹತ್ತಬೇಕಾಗಿಲ್ಲ. ನಾವು ದುಡಿದ ಒಂದು ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಗ್ರೈಂಡರಿನ ಸ್ವಿಚ್ಚು ಸುಟ್ಟಿತು. ಬೆಳಗಿನ ದೋಸೆಗೆ ತೊಂದರೆಯಾಗದಿರಲೆಂದು ಜತೆಯವನೊಬ್ಬ ಎರಡು ತಂತಿ ಜೋಡಿಸಿ ನಡೆಸಿಕೊಟ್ಟ. ಧಣಿ ಅವನನ್ನು ಗಲ್ಲಾದ ಬಳಿ ಕರೆದು ಎಲ್ಲರೆದುರು ಹೊಗಳಿದರು. ಒಂದು ದಿನಕ್ಕೆಂದು ಜೋಡಿಸಿದ ಆ ತಂತಿ ಹನ್ನೊಂದು ತಿಂಗಳು ಹಾಗೆಯೇ ಇತ್ತು. ಒದ್ದೆ ಕೈ, ಒದ್ದೆ ನೆಲ. ಕೊನೆಗೆ ಶಾಕ್ ಹೊಡೆದು ಬಿದ್ದವನು ತಂತಿ ಜೋಡಿಸಿದವನಲ್ಲ. ಊರಿನಿಂದ ಆಗತಾನೇ ಬಂದ ಹುಡುಗ. ಬದುಕಿದ, ದೇವರು ದೊಡ್ಡವನು. ಮರುದಿನ ಹೊಸ ಸ್ವಿಚ್ಚು ಬಂದಿತು.

ಬೆಟ್ಟದಲ್ಲಿ ಶಾಕ್ ಹೊಡೆಯುವುದಿಲ್ಲ, ಕಂದರ ಇರುತ್ತದೆ. ಆದುದರಿಂದ ನಮ್ಮ ಅಭಿಪ್ರಾಯವನ್ನು ಒಡೆದು ಹೇಳುತ್ತೇವೆ. ನೀರು, ಎಣ್ಣೆ, ಬೆಲ್ಟು, ತಂತಿ ಇವುಗಳಿಗೆ ದಾರಿಯ ರಿಪೇರಿ ಇರಲಿ. ಬ್ರೇಕಿಗೂ ಸ್ಟಿಯರಿಂಗಿಗೂ, ಜನ ಕುಳಿತಿರುವಾಗ, ಬೇಡ. ಒಂದು ಚಕ್ರದ ಬ್ರೇಕ್ ಪೈಪು ಒಡೆದರೆ ಆ ಪೈಪನ್ನು ಮಡಚಿ ಜಜ್ಜಿ, ಎಣ್ಣೆ ತುಂಬಿ, ಉಳಿದ ಮೂರು ಚಕ್ರಗಳ ಬ್ರೇಕಿನಲ್ಲಿ ಇಳಿಸುವ ಉಪಾಯವನ್ನು ಹಳೆಯ ಡ್ರೈವರುಗಳೆಲ್ಲ ಬಲ್ಲರು. ಬಲ್ಲವರೇ ಅದಕ್ಕೆ ಹೆದರುತ್ತಾರೆ ಕೂಡ. ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಆ ಪಕ್ಕದಲ್ಲಿ ಏನಿದೆಯೆಂದು ಗಾಡಿ ನೋಡುವುದಿಲ್ಲ. ಹಾಗೆ ಇಳಿಸಲೇಬೇಕಾದರೆ ಗಾಡಿ ಖಾಲಿಯಾಗಿರಲಿ, ಕಡಿಮೆ ಗೇರಿನಲ್ಲಿ ಇಂಜಿನಿನ ಹಿಡಿತದ ಮೇಲೆ ಆಮೆಯಂತೆ ಇಳಿಯಲಿ. ಜನ ನಡೆದು ಬರಲಿ. ಕಾಲು ನೋಯುತ್ತದೆ, ಅಷ್ಟೇ.

ಕಾನೂನು ಇಲ್ಲವೇ ಎಂದು ಕೇಳಿದರೆ, ಬಂದಿತ್ತು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾನೂನು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆಯೆಂದು ಗೊತ್ತುಮಾಡಿತು. ಆದರೆ 5 ಮಂದಿಗಿಂತ ಕಡಿಮೆ ಕೆಲಸಗಾರರಿದ್ದ ಕಡೆಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಎರಡು ಜೀಪು, ಇಬ್ಬರು ಡ್ರೈವರು ಇಟ್ಟುಕೊಂಡ ಧಣಿ ಸುಲಭವಾಗಿ ಹೊರಗುಳಿದ. 2020ರ ಕಾರ್ಮಿಕ ಸಂಹಿತೆಯೊಂದರಲ್ಲಿ ಆ ಕಾನೂನನ್ನು ಸೇರಿಸಿಬಿಟ್ಟರು. ಕಾನೂನಿನ ಪುಸ್ತಕ ಬೆಟ್ಟ ಹತ್ತುವುದನ್ನು ಕಾಯುತ್ತ ಕುಳಿತರೆ ಆಗದು. ನಾವೇ ಕೇಳಬೇಕು.

ಏನು ಕೇಳಬೇಕು? ದೊಡ್ಡದೇನೂ ಅಲ್ಲ. ಪ್ರತಿ ಜೀಪಿನಲ್ಲಿ ಧಣಿಯ ಖರ್ಚಿನಿಂದ ಒಂದು ಪೆಟ್ಟಿಗೆ: ಫ್ಯಾನ್ ಬೆಲ್ಟು, ಪೈಪು, ಕ್ಲಚ್ ಕೇಬಲು, ಟ್ಯೂಬು, ಬ್ರೇಕ್ ಎಣ್ಣೆ, ತಂತಿ, ಎಳೆಯುವ ಹಗ್ಗ, ಪಾನಾ ಇಕ್ಕಳಗಳು. ಕೆಸರಿನಲ್ಲಿ ಗಾಡಿ ಓಡಿಸುವುದನ್ನೇ ಭಾನುವಾರದ ಆಟವಾಗಿ ಮಾಡಿಕೊಂಡ ಸಿರಿವಂತರ ಗಾಡಿಗಳಲ್ಲಿ ಇದರ ಹತ್ತರಷ್ಟು ಸಾಮಾನು ಇರುತ್ತದೆ, ಎಳೆದು ತೆಗೆಯಲು ಹಿಂದೆ ಇನ್ನೊಂದು ಗಾಡಿಯೂ ಇರುತ್ತದೆ. ಆಟಕ್ಕೆ ಇರುವುದು ಹೊಟ್ಟೆಪಾಡಿಗೆ ಬೇಡವೇ? ಎರಡನೆಯದು, ಗಾಡಿ ಗ್ಯಾರೇಜಿನಲ್ಲಿ ನಿಂತ ದಿನವೂ ಡ್ರೈವರಿಗೆ ಸಂಬಳ ಬರಬೇಕು. ಅದು ಬಾರದ ತನಕ ಅವನೇ ಹಗ್ಗ ಕಟ್ಟಿದ ಗಾಡಿಯನ್ನು ಹೊರಡಿಸುತ್ತಾನೆ. ಹಸಿವು ಅವನನ್ನು ಹೊರಡಿಸುತ್ತದೆ.

ಇನ್ನೊಂದು, ಡ್ಯಾಷ್‌ಬೋರ್ಡಿನ ಕೆಳಗೆ ದಾರದಿಂದ ಕಟ್ಟಿದ ಒಂದು ನೋಟುಬುಕ್ಕು. ದಾರಿಯಲ್ಲಿ ಏನು ಕೆಟ್ಟಿತು, ಏನನ್ನು ಸುತ್ತಿದೆವು, ಏನನ್ನು ಕಟ್ಟಿದೆವು ಎಂದು ತಾರೀಕು ಸಹಿತ ಡ್ರೈವರು ಬರೆಯಲಿ. ಸಂಜೆ ಧಣಿ ಅದನ್ನು ನೋಡಿ ರುಜು ಹಾಕಲಿ. ರುಜು ಹಾಕಿದ ಮೇಲೆ “ನಮಗೆ ಗೊತ್ತೇ ಇರಲಿಲ್ಲ” ಎಂದು ಪೊಲೀಸರ ಮುಂದೆ ಹೇಳುವುದು ಕಷ್ಟವಾಗುತ್ತದೆ. ನಮ್ಮ ಕೆಲವು ಹೋಟೆಲುಗಳಲ್ಲಿ ಗ್ಯಾಸಿನ ಪೈಪಿಗೂ ಗ್ರೈಂಡರಿಗೂ ಇಂತಹ ಪುಸ್ತಕವನ್ನು ಇಡಿಸಿದ್ದೇವೆ. ಮೊದಲ ತಿಂಗಳು ಧಣಿಗಳು ನಕ್ಕರು. ಎರಡನೆಯ ತಿಂಗಳು ಹೊಸ ಪೈಪು ತಂದರು.

ಈ ರಜೆಯಲ್ಲಿ ಊರಿಗೆ ಹೋಗುವ ಬಂಧುಗಳಲ್ಲಿ ಒಂದು ಬೇಡಿಕೆ ಇದೆ. ಬೆಟ್ಟದ ಅರ್ಧ ದಾರಿಯಲ್ಲಿ ಜೀಪು ನಿಲ್ಲಿಸಿ “ಅಣ್ಣ, ಇನ್ನು ಮುಂದೆ ಹೋಗಲಾಗದು, ಇಳಿಯಿರಿ” ಎಂದು ಡ್ರೈವರು ಹೇಳಿದರೆ ಅವನ ಮೇಲೆ ರೇಗಬೇಡಿರಿ, ಬಾಡಿಗೆ ಮುರಿಯಬೇಡಿರಿ. ಮಕ್ಕಳನ್ನು ಎತ್ತಿಕೊಂಡು ಇಳಿಯಿರಿ, ಚಕ್ರಕ್ಕೆ ಒಂದು ಕಲ್ಲು ಕೊಡಿರಿ. ಪೂರಾ ಹಣವನ್ನು ಅವನ ಕೈಯಲ್ಲಿಯೇ ಇಡಿರಿ.