ಸಿಮೆಂಟ್ ಚೀಲದ ದರ, ಬಿಲ್ಲಿನ ದಿನಾಂಕ

ಕರ್ನಾಟಕ ಸರ್ಕಾರದ ಲೋಕೋಪಯೋಗಿ ಇಲಾಖೆಯ ಕಾರ್ಯದರ್ಶಿಗಳಿಗೆ ಬಹಿರಂಗ ಪತ್ರ



ಸಣ್ಣ ಗುತ್ತಿಗೆದಾರರ ಸಾಮಾನು ಖರೀದಿ ಹೆಚ್ಚಾಗಿ ಫೋನಿನ ಮೇಲೆಯೇ ಮುಗಿಯುತ್ತದೆ. ಸಿಮೆಂಟ್ ತೀರುತ್ತ ಬಂತೆಂದು ಮೇಸ್ತ್ರಿ ಹೇಳುತ್ತಾರೆ, ಸೈಟ್ ಎಂಜಿನಿಯರ್ ವಾಟ್ಸ್‌ಆ್ಯಪಿನಲ್ಲಿ ಇಂಡೆಂಟ್ ಕಳಿಸುತ್ತಾರೆ, ಎರಡು ಮೂರು ಅಂಗಡಿಗಳಲ್ಲಿ ದರ ವಿಚಾರಿಸುವಷ್ಟರಲ್ಲಿ ಲಾರಿ ಬಂದು ನಿಂತಿರುತ್ತದೆ. ಗುತ್ತಿಗೆದಾರರಿಗೆ ಖರೀದಿ ತಂತ್ರಾಂಶ ಮಾಡುವ ನವೋದ್ಯಮ ಕೈಹಾಕುವುದು ಇಲ್ಲಿಗೆ. ಇಂಡೆಂಟ್, ಕೊಟೇಷನ್, ಆರ್ಡರ್, ಚಲನ್, ಬಿಲ್ ಎಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸಿ, ಆರ್ಡರ್ ಮಾಡಿದ್ದು, ಸೈಟಿಗೆ ಇಳಿದದ್ದು, ಬಿಲ್ಲಿನಲ್ಲಿ ಬರೆದದ್ದು ಮೂರೂ ತಾಳೆಯಾಗುತ್ತವೆಯೇ ಎಂದು ನೋಡುವುದು ಅದರ ಮೂಲ ಕೆಲಸ.

ಕೇಳಲು ಸುಲಭ. ತೊಡಕಿರುವುದು ಅಳತೆಯಲ್ಲಿ. ಸಿಮೆಂಟ್ ಹೇಗೋ 50 ಕಿಲೋ ಚೀಲದಲ್ಲಿ ಬರುತ್ತದೆ. ಮರಳನ್ನು ಒಬ್ಬರು ಟನ್ ಲೆಕ್ಕದಲ್ಲಿ ಮಾರಿದರೆ ಇನ್ನೊಬ್ಬರದು ಘನ ಅಡಿ ಲೆಕ್ಕ. ಉತ್ತರ ಕರ್ನಾಟಕದ ಕಡೆ 100 ಘನ ಅಡಿಯ ಬ್ರಾಸ್. ಒದ್ದೆ ಮರಳು ತೂಕದಲ್ಲೂ ಹೆಚ್ಚು ತೋರುತ್ತದೆ, ಗಾತ್ರದಲ್ಲೂ ಉಬ್ಬುತ್ತದೆ. ಕಬ್ಬಿಣದ ಕಥೆ ಇನ್ನೂ ಸೂಕ್ಷ್ಮ. 12 ಮಿ.ಮೀ. ಸರಳು ಮೀಟರಿಗೆ 0.89 ಕಿಲೋ ತೂಗಬೇಕು. 12 ಮೀಟರ್ ಉದ್ದದ ಒಂದು ಸರಳಿಗೆ ಸುಮಾರು 10.7 ಕಿಲೋ. ಐಎಸ್ 1786 ಮಾನಕ ಈ ಗಾತ್ರದ ಸರಳುಗಳ ತೂಕದಲ್ಲಿ ಶೇ 5ರಷ್ಟು ಹೆಚ್ಚುಕಡಿಮೆಗೆ ಅವಕಾಶ ಕೊಟ್ಟಿದೆ. ಹಗುರ ಸರಳನ್ನು ಎಣಿಕೆಯ ಮೇಲೆ ಕೊಂಡವರಿಗೆ ಟನ್ನಿಗೆ 50 ಕಿಲೋವರೆಗೆ ಖೋತಾ. ಅದನ್ನೇ ವೇ ಬ್ರಿಡ್ಜ್ ಚೀಟಿಯ ಮೇಲೆ ಕೊಂಡರೆ ಅದೇ ದುಡ್ಡಿಗೆ ಹೆಚ್ಚು ಉದ್ದ. ಎಣಿಕೆ, ತೂಕ ಎರಡನ್ನೂ ಬರೆದಿಡದ ತಂತ್ರಾಂಶ ಕಬ್ಬಿಣದ ಮಟ್ಟಿಗೆ ಬರೀ ಅಂದವಾದ ಕೊಟೇಷನ್ ಪುಸ್ತಕ.

ತೆರಿಗೆಯ ಕೆಲಸ ಯಂತ್ರಕ್ಕೆ ಒಗ್ಗುತ್ತದೆ. 2022ರ ಜನವರಿ 1ರಿಂದ ಮಾರಿದವರ ಬಿಲ್ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸದೆ ಕೊಂಡವರಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಕಾಣದ ಬಿಲ್ ಯಾವುದೆಂದು ತಂತ್ರಾಂಶ ತಿಂಗಳು ತಿಂಗಳು ಹುಡುಕಿ ಕೊಡುತ್ತದೆ.

ಇಷ್ಟಾದ ಮೇಲೂ ತಂತ್ರಾಂಶದ ಕೈಗೆಟುಕದ ಸಂಗತಿ ಒಂದಿದೆ: ಉದ್ದರಿ. ಅಂಗಡಿಯಲ್ಲಿ ಒಂದೇ ಚೀಲಕ್ಕೆ ನಗದಿನ ದರ ಬೇರೆ, ಉದ್ದರಿಯ ದರ ಬೇರೆ. ದುಡ್ಡು ಎಂದು ಬರುತ್ತದೆಂದು ಗೊತ್ತಿಲ್ಲದ ವ್ಯಾಪಾರಿ ಆ ಅನುಮಾನಕ್ಕೂ ಬೆಲೆ ಕಟ್ಟುತ್ತಾರೆ. ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ, 2006 ಸಣ್ಣ ಉತ್ಪಾದಕರಿಗೆ 45 ದಿನದ ಪಾವತಿ ಗಡುವಿನ ರಕ್ಷಣೆ ಕೊಟ್ಟಿದೆ. 2021ರಲ್ಲಿ ಸಗಟು, ಚಿಲ್ಲರೆ ವ್ಯಾಪಾರಿಗಳನ್ನು ಎಂಎಸ್‌ಎಂಇ ಪಟ್ಟಿಗೆ ಸೇರಿಸಿಕೊಂಡರೂ ಅದು ಆದ್ಯತಾ ವಲಯದ ಸಾಲದ ಮಟ್ಟಿಗೆ ಮಾತ್ರ. ಗುತ್ತಿಗೆದಾರರಿಗೆ ನಿಜವಾಗಿ ಸಾಲ ಕೊಡುತ್ತಿರುವ ಹಾರ್ಡ್‌ವೇರ್ ಅಂಗಡಿಯವರು ಹೀಗೆ ಆ ಗಡುವಿನ ಹೊರಗೇ ಉಳಿದಿದ್ದಾರೆ.

ಸರ್ಕಾರಿ ಕಾಮಗಾರಿಯಲ್ಲಿ ದುಡ್ಡಿನ ದಿನಾಂಕ ಹುಟ್ಟುವುದು ಇಲಾಖೆಯೊಳಗೆ: ಅಳತೆ ಪುಸ್ತಕದ ನಮೂದು, ಚಾಲ್ತಿ ಬಿಲ್ಲಿನ ಪರಿಶೀಲನೆ, ಅನುದಾನ ಬಿಡುಗಡೆ. ಹತ್ತು ಕೊಟೇಷನ್ ತರಿಸಿ ಚೀಲಕ್ಕೆ ಐದು ರೂಪಾಯಿ ಉಳಿಸಿದರೂ ಬಿಲ್ ನಾಲ್ಕು ತಿಂಗಳು ನಿಂತರೆ ಉಳಿದದ್ದು ಬಡ್ಡಿಗೆ ಹೋಗುತ್ತದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ಟೆಂಡರ್ ಕರೆಯುವುದರಿಂದ ಒಪ್ಪಿಕೊಳ್ಳುವವರೆಗಿನ ಹಾದಿಗೆ ನಿಯಮ ಹಾಕಿತು. ಬಿಲ್ಲಿನ ಹಾದಿಗೂ ಅಂಥದೇ ಬೆಳಕು ಬೇಕು.

ಇಲಾಖೆಯಿಂದ ಆಗಬೇಕಾದದ್ದು ಎರಡು ಕೆಲಸ. ದರಪಟ್ಟಿಯನ್ನು, ಅಂದರೆ ಎಸ್‌ಆರ್ ಅನ್ನು, ವರ್ಷ ಬದಲಾದರೂ ಬದಲಾಗದ ಐಟಂ ಸಂಖ್ಯೆಗಳೊಂದಿಗೆ ಯಂತ್ರ ಓದಬಲ್ಲ ಕೋಷ್ಟಕವಾಗಿ ಕೊಡುವುದು ಒಂದು. ಪ್ರತಿ ಚಾಲ್ತಿ ಬಿಲ್ ಯಾವ ಹಂತದಲ್ಲಿ ಎಂದಿನಿಂದ ಇದೆ ಎಂಬುದನ್ನು ಗುತ್ತಿಗೆದಾರರಿಗೂ, ಅವರು ಒಪ್ಪಿದರೆ ಅವರ ತಂತ್ರಾಂಶಕ್ಕೂ ತೆರೆದಿಡುವುದು ಇನ್ನೊಂದು. ನವೋದ್ಯಮಗಳಿಗೆ ರಾಜ್ಯದ ಎಲಿವೇಟ್ ಯೋಜನೆ 50 ಲಕ್ಷ ರೂ.ವರೆಗೆ ಅನುದಾನ ಕೊಡುತ್ತದೆ. ಈ ಬಗೆಯ ನವೋದ್ಯಮಕ್ಕೆ ಆ ಹಣಕ್ಕಿಂತ ಈ ಎರಡು ಕೋಷ್ಟಕಗಳೇ ಹೆಚ್ಚು ಬಾಳುತ್ತವೆ.

ಆದರೆ ಮಾಹಿತಿಯ ಹರಿವು ಇಲಾಖೆಯಿಂದ ಗುತ್ತಿಗೆದಾರರ ಕಡೆಗೆ, ಒಂದೇ ದಿಕ್ಕಿನದಾಗಿರಬೇಕು. ಗುತ್ತಿಗೆದಾರರು ಯಾವ ಅಂಗಡಿಯಲ್ಲಿ ಎಷ್ಟಕ್ಕೆ ಕೊಂಡರೆಂಬುದು ಇಲಾಖೆಗೆ ತಲುಪಿದರೆ, ಮುಂದಿನ ಟೆಂಡರಿನಲ್ಲಿ ಅದೇ ತಮಗೆ ತಿರುಗುಬಾಣವಾದೀತೆಂದು ಅವರು ಹೆದರುವುದು ಸಹಜ. ಆ ಭಯವಿದ್ದಷ್ಟು ದಿನ ಅಸಲಿ ದರ ತಂತ್ರಾಂಶಕ್ಕೆ ಬರುವುದಿಲ್ಲ, ಮೇಸ್ತ್ರಿಯ ಜೇಬಿನ ಚೀಟಿಯಲ್ಲೇ ಉಳಿಯುತ್ತದೆ.