‘ಕೆಟ್ಟಿದೆ’ ಎಂದರೆ ಸಾಲದು



ಯಾವುದಾದರೂ ವಸ್ತು ಕೈಕೊಟ್ಟಾಗ ನಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? ‘ಕೆಟ್ಟಿದೆ’ ಎಂಬುದೇ ಅಲ್ಲವೇ? ಶಾಲೆಯ ಕಂಪ್ಯೂಟರ್ ಕೆಟ್ಟಿದೆ, ಸೂಕ್ಷ್ಮದರ್ಶಕ ಕೆಟ್ಟಿದೆ, ನೀರಿನ ಮೋಟಾರು ಕೆಟ್ಟಿದೆ. ಆ ಮಾತು ಆಡಿದ ಮೇಲೆ ವಸ್ತುವಿನ ಮೇಲೆ ಒಂದು ಬಟ್ಟೆ ಹೊದಿಸುತ್ತೇವೆ, ಬೀರುವಿಗೆ ಬೀಗ ಹಾಕುತ್ತೇವೆ. ಮಕ್ಕಳು ನಮ್ಮಿಂದಲೇ ಇದನ್ನು ಕಲಿಯುತ್ತಾರೆ. ‘ಸಾರ್, ಬರ್ತಿಲ್ಲ’ ಎನ್ನುತ್ತಾರೆ. ಏನು ಬರುತ್ತಿಲ್ಲ, ಎಲ್ಲಿಯವರೆಗೆ ಸರಿಯಾಗಿತ್ತು, ಏನು ಮಾಡಿದಾಗ ನಿಂತಿತು ಎಂದು ಅವರು ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ.

ಸರಿಯಾಗಿ ದೂರು ಹೇಳುವುದೂ ವಿಜ್ಞಾನದ ಒಂದು ಪಾಠ ಎಂಬುದು ನನ್ನ ಅಭಿಪ್ರಾಯ. ಅದನ್ನು ವಿವರಿಸಲು ನೀವು ನಿರೀಕ್ಷಿಸದ ಒಂದು ಕಡೆಯಿಂದ ಉದಾಹರಣೆ ತೆಗೆದುಕೊಳ್ಳುತ್ತೇನೆ. ಅದು ವಿಡಿಯೋ ಗೇಮ್‌ಗಳ ಲೋಕ.

ಆಟ ಕಟ್ಟುವ ಆಟ

1998ರ ಮೇ ತಿಂಗಳಲ್ಲಿ ‘ಅನ್‌ರಿಯಲ್’ ಎಂಬ ಕಂಪ್ಯೂಟರ್ ಆಟ ಮಾರುಕಟ್ಟೆಗೆ ಬಂತು. ಅಮೆರಿಕದ ಎಪಿಕ್ ಮತ್ತು ಕೆನಡಾದ ಡಿಜಿಟಲ್ ಎಕ್ಸ್‌ಟ್ರೀಮ್ಸ್ ಕಂಪನಿಗಳು ಸೇರಿ ಮಾಡಿದ್ದು. ಅದು ಬಂದೂಕಿನ ಆಟ. ನಮ್ಮ ಮಕ್ಕಳಿಗೆ ತೋರಿಸಿ ಎಂದು ನಾನು ಹೇಳುತ್ತಿಲ್ಲ. ನಮಗೆ ಬೇಕಾದದ್ದು ಅದರ ಜೊತೆ ಕೊಟ್ಟಿದ್ದ ‘ಅನ್‌ರಿಯಲ್‌ಎಡ್’ ಎಂಬ ಸಾಧನ. ಇಂಥ ಸಾಧನಕ್ಕೆ ಲೆವೆಲ್ ಎಡಿಟರ್ ಎನ್ನುತ್ತಾರೆ. ಆಟದೊಳಗಿನ ಕೋಣೆ, ಮೆಟ್ಟಿಲು, ಸೇತುವೆ, ಬೆಳಕು ಇವನ್ನೆಲ್ಲ ಆಟಗಾರರು ತಾವೇ ಕಟ್ಟಿಕೊಳ್ಳಲು ಅನುವು ಮಾಡಿಕೊಡುವ ತಂತ್ರಾಂಶ ಇದು. ಹಾವು-ಏಣಿ ಆಟ ಕೊಂಡವರಿಗೆ ಖಾಲಿ ಹಲಗೆ, ಬಣ್ಣ ಮತ್ತು ಕುಂಚವನ್ನೂ ಕೊಟ್ಟ ಹಾಗೆ.

ಅನ್‌ರಿಯಲ್‌ಎಡ್‌ನಲ್ಲಿ ಕಟ್ಟುವ ಬಗೆ ವಿಶಿಷ್ಟವಾಗಿತ್ತು. ಮೊದಲಿಗೆ ಇಡೀ ಜಗತ್ತು ಒಂದೇ ಗಟ್ಟಿ ಬಂಡೆ. ಅದರೊಳಗಿಂದ ಕೋಣೆಗಳನ್ನು ಕೊರೆದು ತೆಗೆಯಬೇಕು. ಪಟ್ಟದಕಲ್ಲಿನಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದಾರೆ, ಬಾದಾಮಿಯಲ್ಲಿ ಬೆಟ್ಟವನ್ನೇ ಕೊರೆದಿದ್ದಾರೆ. ಈ ಎಡಿಟರ್ ಬಾದಾಮಿಯ ದಾರಿ ಹಿಡಿದಿತ್ತು ಎನ್ನಿ.

ಕಾಣದ ಕುಳಿಗಳು

ಸಾವಿರಾರು ಅಭಿಮಾನಿಗಳು ಉತ್ಸಾಹದಿಂದ ಕೆಲಸಕ್ಕಿಳಿದರು. ಬೇಗನೇ ಬೇಸತ್ತರು. ಎಡಿಟರ್ ಸೂಚನೆಯೇ ಇಲ್ಲದೆ ಮುಚ್ಚಿಕೊಂಡು, ಗಂಟೆಗಟ್ಟಲೆ ಮಾಡಿದ ಕೆಲಸ ಮಾಯವಾಗುತ್ತಿತ್ತು. ಉಳಿದದ್ದರಲ್ಲೂ ವಿಚಿತ್ರ ದೋಷಗಳು. ನೆಲ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಕಾಲಿಟ್ಟರೆ ಆಟಗಾರ ಕೆಳಗೆ ಬೀಳುತ್ತಾನೆ. ಬಯಲಿನಲ್ಲಿ ನಡೆಯುತ್ತಿದ್ದರೆ ಕಾಣದ ಗೋಡೆಗೆ ಹಾಯುತ್ತಾನೆ. ಒಂದು ಗೋಡೆ ಮಾಯವಾಗಿ ಆ ಜಾಗದಲ್ಲಿ ಹಿಂದಿನ ಚಿತ್ರಗಳೇ ಮಸಿ ಬಳಿದಂತೆ ಉಳಿಯುತ್ತವೆ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತಿದ್ದುದು ಇನ್ನೊಂದು: ಈ ಮೂಲೆಯಲ್ಲಿ ಕಂಬವೊಂದನ್ನು ಸರಿಸಿದರೆ ಆ ತುದಿಯ ಕೋಣೆಯಲ್ಲಿ ಹೊಸ ಕುಳಿ ಹುಟ್ಟುತ್ತಿತ್ತು.

ಏಕೆ ಹೀಗೆ? ಉತ್ತರ ಐದನೇ ತರಗತಿಯ ದಶಮಾಂಶ ಪಾಠದಲ್ಲಿದೆ.

ಕೊರೆದ ಜಗತ್ತನ್ನು ಬೇಗ ಚಿತ್ರಿಸಲು ಕಂಪ್ಯೂಟರ್ ಅದನ್ನು ಎರಡೆರಡಾಗಿ ಸೀಳುತ್ತಾ ಹೋಗುತ್ತದೆ. 1980ರಲ್ಲಿ ಫುಕ್ಸ್, ಕೆಡೆಮ್ ಮತ್ತು ನೇಲರ್ ಎಂಬ ಮೂವರು ಪ್ರಕಟಿಸಿದ ವಿಧಾನ ಇದು. ತಟ್ಟೆಯಲ್ಲಿ ಹರಡಿದ ಮೈಸೂರು ಪಾಕನ್ನು ನೆನೆಸಿಕೊಳ್ಳಿ. ಚಾಕು ಒಂದಂಚಿನಿಂದ ಇನ್ನೊಂದಂಚಿನವರೆಗೆ ಹಾಯುತ್ತದೆ. ಈ ಕಡೆಯ ತುಂಡಿಗಾಗಿ ಎಳೆದ ಗೆರೆ ಆ ಕಡೆಯ ತುಂಡನ್ನೂ ಸೀಳುತ್ತದೆ. ಹಾಗೆಯೇ ಇಲ್ಲಿಯ ಕಂಬದ ಒಂದು ಮುಖ ದೂರದ ಕೋಣೆಯ ನೆಲವನ್ನೂ ಸೀಳಬಲ್ಲದು. ಓರೆಯಾಗಿ ಸೀಳಿದಾಗ ಅಂಚಿನಲ್ಲಿ ಚಿಕ್ಕಚಿಕ್ಕ ಚೂರುಗಳು ಉಳಿಯುತ್ತವೆ.

ಈ ಚೂರುಗಳ ಮೂಲೆಗಳು ಒಂದಕ್ಕೊಂದು ಸರಿಯಾಗಿ ಕೂಡಬೇಕು. ಆದರೆ ಅನ್‌ರಿಯಲ್ ಪ್ರತಿ ಮೂಲೆಯ ಸ್ಥಾನವನ್ನು ಸುಮಾರು 7 ಅಂಕಿಗಳ ನಿಖರತೆಯಲ್ಲಿ ಮಾತ್ರ ಬರೆದಿಟ್ಟುಕೊಳ್ಳುತ್ತಿತ್ತು. ನಾವು 1/3 ಅನ್ನು 0.33 ಎಂದು ಬರೆದು ಉಳಿದದ್ದನ್ನು ಬಿಟ್ಟುಬಿಡುವ ಹಾಗೆ. ದ್ವಿಮಾನ ಪದ್ಧತಿಯಲ್ಲಿ 1/2, 1/4, 1/8 ಪೂರ್ತಿಯಾಗಿ ಮುಗಿಯುತ್ತವೆ. ನಮಗೆ ಬಲು ಸುಲಭವಾದ 1/10 ಮಾತ್ರ ಅಲ್ಲಿ 0.000110011... ಎಂದು ಮುಗಿಯದೆ ಸಾಗುತ್ತದೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಕತ್ತರಿಸಿದ ಆ ಕೂದಲೆಳೆಯಷ್ಟು ಅಂತರದಿಂದಾಗಿ, ಗಟ್ಟಿಯಾಗಿರಬೇಕಾದ ಜಾಗವನ್ನು ಕಂಪ್ಯೂಟರ್ ಖಾಲಿ ಎಂದುಕೊಳ್ಳುತ್ತದೆ, ಖಾಲಿ ಜಾಗವನ್ನು ಗಟ್ಟಿ ಎಂದುಕೊಳ್ಳುತ್ತದೆ. ನೆಲದಲ್ಲಿ ಕುಳಿ ಬೀಳುವುದು ಹೀಗೆ.

ಗೊಣಗಾಟ ಜ್ಞಾನವಾದದ್ದು

ಇಂಥ ಹೊತ್ತಿನಲ್ಲಿ ಎರಡು ಬಗೆಯ ದೂರುಗಳು ಬರುತ್ತವೆ. ‘ಈ ಎಡಿಟರ್ ದಂಡ’ ಎಂಬುದು ಒಂದು. ‘64 ಅಳತೆಯ ಕೋಣೆ ಕೊರೆದೆ. ಒಂದು ಕಂಬವನ್ನು ಓರೆಯಾಗಿ ತಿರುಗಿಸಿ ಇಟ್ಟೆ. ಮತ್ತೆ ಲೆಕ್ಕ ಹಾಕಿಸಿದೆ. ಬಾಗಿಲ ಬಳಿ ಕುಳಿ ಬಿತ್ತು. ಕಂಬವನ್ನು ನೇರ ಮಾಡಿದರೆ ಕುಳಿ ಇಲ್ಲ’ ಎಂಬುದು ಇನ್ನೊಂದು. ಮೊದಲನೆಯದರಿಂದ ಹೇಳಿದವರ ಮನಸ್ಸು ಹಗುರವಾದೀತು, ಅಷ್ಟೆ. ಎರಡನೆಯದನ್ನು ಬೇರೊಬ್ಬರು ತಮ್ಮ ಮನೆಯಲ್ಲಿ ಕೂತು ಮಾಡಿ ನೋಡಬಹುದು. ಹೌದೋ ಅಲ್ಲವೋ ಹೇಳಬಹುದು. ಪ್ರಯೋಗ ಎಂದರೆ ಇದೇ ಅಲ್ಲವೇ?

ಎರಡನೆಯ ಬಗೆಯ ದೂರುಗಳು ಕೂಡುತ್ತಾ ಹೋದಂತೆ ಅಭಿಮಾನಿಗಳಲ್ಲಿ ಕೆಲವು ನಿಯಮಗಳು ರೂಪುಗೊಂಡವು. ಎಲ್ಲ ಮೂಲೆಗಳನ್ನೂ 8, 16, 32 ಹೀಗೆ ಪೂರ್ಣಾಂಕದ ಚೌಕಳಿಯ ಮೇಲೆಯೇ ಇಡಿ. ಪೂರ್ಣಾಂಕಗಳು ದ್ವಿಮಾನದಲ್ಲಿ ನಿಖರವಾಗಿ ಕೂರುವುದರಿಂದ ಚೂರು ಉಳಿಯುವುದು ಕಡಿಮೆ. ಅಲಂಕಾರದ ಕಂಬಗಳನ್ನು ‘ಅರೆಗಟ್ಟಿ’ ಎಂಬ ವಿಧದಲ್ಲಿ ಮಾಡಿ, ಅವು ಜಗತ್ತನ್ನು ಸೀಳುವುದಿಲ್ಲ. ಕೊರೆಯುವ ಕ್ರಮ ಬದಲಿಸಿ ನೋಡಿ. ಪ್ರತಿ ಬಾರಿಯೂ ಹೊಸ ಹೆಸರಿನಲ್ಲಿ ಉಳಿಸಿ. ದೋಷದ ಹಿಂದಿದ್ದ ಗಣಿತ ಎಲ್ಲರಿಗೂ ಗೊತ್ತಿದ್ದಿರಲಾರದು. ಆದರೂ ಬರೆದಿಟ್ಟ ದೂರುಗಳಿಂದಲೇ ಅವರು ಅದರ ಹತ್ತಿರ ಹೋದರು.

ಮುಂದಿನ ಕಥೆ ಇನ್ನೂ ಸ್ವಾರಸ್ಯಕರ. ‘ಓಲ್ಡ್‌ಅನ್‌ರಿಯಲ್’ ಎಂಬ ಅಭಿಮಾನಿಗಳ ತಂಡ ಕಂಪನಿಯ ಒಪ್ಪಿಗೆ ಪಡೆದು ಈ ಹಳೆಯ ಆಟವನ್ನೂ 1999ರ ‘ಅನ್‌ರಿಯಲ್ ಟೂರ್ನಮೆಂಟ್’ ಆಟವನ್ನೂ ತಾನೇ ದುರಸ್ತಿ ಮಾಡುತ್ತಾ ಬಂದಿದೆ. 2022ರ ಡಿಸೆಂಬರ್‌ನಲ್ಲಿ ಎಪಿಕ್ ಈ ಸರಣಿಯ ಆಟಗಳನ್ನು ಮಾರಾಟದಿಂದ ಹಿಂತೆಗೆಯಿತು. ಮಾಡಿದವರೇ ಅಂಗಡಿ ಮುಚ್ಚಿದ ಮೇಲೂ ದುರಸ್ತಿಯ ಕೆಲಸ ನಿಲ್ಲಲಿಲ್ಲ.

ಇದನ್ನು ಓದಿ ‘ಹಾಗಾದರೆ ಕಂಪನಿಯ ತಪ್ಪನ್ನು ಗಿರಾಕಿ ಹೊರಬೇಕೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ದೋಷವಿರುವ ಸಾಧನ ಕೊಟ್ಟವರ ಹೊಣೆ ಅವರದೇ. ಆದರೆ ‘ಏನೋ ಸರಿಯಿಲ್ಲ’ ಎಂಬ ದೂರಿಗೆ ‘ನಮ್ಮಲ್ಲಿ ಸರಿಯಾಗಿಯೇ ಇದೆ’ ಎಂದು ಉತ್ತರಿಸಿ ಜಾರಿಕೊಳ್ಳುವುದು ಸುಲಭ. ಹೆಜ್ಜೆ ಹೆಜ್ಜೆಯಾಗಿ ಬರೆದ ದೂರಿನಿಂದ ಹಾಗೆ ಜಾರಿಕೊಳ್ಳಲಾಗದು. ಒಳ್ಳೆಯ ದೂರು ಮಾಡಿದವರ ಹೊಣೆಯನ್ನು ಕಡಿಮೆ ಮಾಡುವುದಿಲ್ಲ, ಅವರ ನೆಪವನ್ನು ಕಡಿಮೆ ಮಾಡುತ್ತದೆ.

ಆಟವಲ್ಲದ ಕಡೆ

ಆಟದ ನೆಲದಲ್ಲಿ ಕುಳಿ ಬಿದ್ದರೆ ಹೋಗುವುದೇನು ಎನ್ನುತ್ತೀರಾ? ಇದೇ ದಶಮಾಂಶದ ದೋಷ, ಇದೇ ಅಸ್ಪಷ್ಟ ಮಾತು ಸೇರಿ ಜೀವ ತೆಗೆದದ್ದೂ ಉಂಟು.

1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ‘ಪೇಟ್ರಿಯಟ್’ ಕ್ಷಿಪಣಿ ವ್ಯವಸ್ಥೆ ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಕಾವಲಿಗಿತ್ತು. ಅದರ ಗಡಿಯಾರ ಕಾಲವನ್ನು ಸೆಕೆಂಡಿನ ಹತ್ತನೇ ಒಂದರಲ್ಲಿ ಎಣಿಸುತ್ತಿತ್ತು. ಆ 1/10 ಅನ್ನು 24 ಬಿಟ್‌ಗಳಿಗೆ ಕತ್ತರಿಸಿದ್ದರಿಂದ ಒಂದೊಂದು ಎಣಿಕೆಗೂ 0.000000095 ಸೆಕೆಂಡಿನಷ್ಟು ತಪ್ಪು. 100 ಗಂಟೆಗಳಲ್ಲಿ 36 ಲಕ್ಷ ಎಣಿಕೆಗಳು. ಗುಣಿಸಿ ನೋಡಿ, ಸುಮಾರು 0.34 ಸೆಕೆಂಡ್ ಆಗುತ್ತದೆ. ಅಷ್ಟರಲ್ಲಿ ಸ್ಕಡ್ ಕ್ಷಿಪಣಿಯೊಂದು ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಫೆಬ್ರವರಿ 25ರಂದು ಹಾಗೆಯೇ ಆಯಿತು. ಬಂದ ಕ್ಷಿಪಣಿಯನ್ನು ಪೇಟ್ರಿಯಟ್ ತಪ್ಪಾದ ಜಾಗದಲ್ಲಿ ಹುಡುಕಿತು. 28 ಸೈನಿಕರು ಸತ್ತರು.

ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 1992ರಲ್ಲಿ ಇದರ ವರದಿ ಪ್ರಕಟಿಸಿತು. ಅದರಲ್ಲಿರುವ ದಿನಾಂಕಗಳನ್ನು ಗಮನಿಸಿ. ಎಡೆಬಿಡದೆ 8 ಗಂಟೆ ಓಡಿಸಿದರೆ ನಿಖರತೆ ಕುಗ್ಗುತ್ತದೆ ಎಂದು ಇಸ್ರೇಲಿನವರು ಅಳತೆಯ ಸಮೇತ ಫೆಬ್ರವರಿ 11ರಂದೇ ತಿಳಿಸಿದ್ದರು. ಫೆಬ್ರವರಿ 21ರಂದು ಎಲ್ಲ ಕಡೆಗೂ ಎಚ್ಚರಿಕೆ ಹೋಯಿತು. ಆದರೆ ಅದರಲ್ಲಿ ಇದ್ದದ್ದು ‘ಬಹಳ ಹೊತ್ತು’ ಓಡಿಸಿದರೆ ತೊಂದರೆ ಎಂಬ ಮಾತು. ಬಹಳ ಹೊತ್ತು ಎಂದರೆ ಎಷ್ಟು ಎಂದು ಹೇಳಿರಲಿಲ್ಲ. ದಹ್ರಾನ್‌ನಲ್ಲಿ ಯಂತ್ರ 100 ಗಂಟೆಗೂ ಮೀರಿ ಓಡುತ್ತಲೇ ಇತ್ತು. ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡಿದ್ದರೆ ಗಡಿಯಾರ ಸರಿಯಾಗುತ್ತಿತ್ತು. ದೋಷ ತಿದ್ದಿದ ತಂತ್ರಾಂಶ ಅಲ್ಲಿಗೆ ತಲುಪಿದ್ದು 26ರಂದು, ಒಂದು ದಿನ ತಡವಾಗಿ.

8 ಎಂಬ ಅಂಕಿ ಒಂದು ಕಡೆ ಇತ್ತು. ದಾರಿಯಲ್ಲಿ ಅದು ‘ಬಹಳ ಹೊತ್ತು’ ಆಯಿತು. ನಮ್ಮ ತರಗತಿಗಳಲ್ಲಿ ‘ಸ್ವಲ್ಪ’, ‘ಜಾಸ್ತಿ’, ‘ಆಮೇಲೆ’ ಎಂಬ ಉತ್ತರಗಳಿಗೆ ಅಂಕ ಕೊಡುವಾಗ ಇದನ್ನು ನೆನಪಿಡೋಣ.

ತರಗತಿಯಲ್ಲಿ ಮಾಡಿ ನೋಡಿ

ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಕರೆಂಟೂ ಬೇಕಿಲ್ಲ.

1. ಮಕ್ಕಳು 1/3, 1/4, 1/7 ಇವನ್ನು ಎರಡು ದಶಮಾಂಶ ಸ್ಥಾನಗಳಿಗೆ ಬರೆಯಲಿ: 0.33, 0.25, 0.14. ಈಗ ಕ್ರಮವಾಗಿ 3, 4, 7ರಿಂದ ಗುಣಿಸಲಿ. 0.99, 1.00, 0.98 ಬರುತ್ತದೆ. ಒಂದೇ ಏಕೆ ಸರಿಹೋಯಿತು, ಉಳಿದದ್ದು ಎಲ್ಲಿ ಸೋರಿತು ಎಂದು ಕೇಳಿ.

2. ಚೌಕಳಿ ಹಾಳೆಯಲ್ಲಿ ಪ್ರತಿ ಗುಂಪೂ ತನ್ನದೇ ಹಾವು-ಏಣಿ ಹಲಗೆ ಬರೆಯಲಿ. ಅದೇ ಅವರ ಲೆವೆಲ್ ಎಡಿಟರ್. ಒಂದು ದೋಷವನ್ನು ಬೇಕೆಂದೇ ಸೇರಿಸಲಿ. ಉದಾಹರಣೆಗೆ, 14ರಿಂದ 31ಕ್ಕೆ ಏಣಿ, 31ರಿಂದ 14ಕ್ಕೆ ಹಾವು. ಅಲ್ಲಿಗೆ ಬಂದ ಕಾಯಿ ಹತ್ತುತ್ತಾ ಇಳಿಯುತ್ತಾ ಎಂದೂ ಹೊರಬರದು. ಇನ್ನೊಂದು ಗುಂಪು ಆಡಿ ದೋಷ ಹಿಡಿದು ಮೂರು ಸಾಲಿನ ದೂರು ಬರೆಯಲಿ: ಏನು ಮಾಡಿದೆವು? ಏನಾಗಬೇಕಿತ್ತು? ಏನಾಯಿತು?

3. ಸೆಲ್, ಬಲ್ಬ್, ತಂತಿಯ ಮಂಡಲದಲ್ಲಿ ಸೆಲ್ ಮತ್ತು ತಂತಿಯ ನಡುವೆ ಕಾಗದದ ಚೂರೊಂದನ್ನು ಅಡಗಿಸಿಡಿ. ಒಂದು ಗುಂಪು ಒಂದೊಂದೇ ಭಾಗ ಬದಲಿಸಿ ನೋಡಿ ಬರೆದಿಡಲಿ: ‘ಬಲ್ಬ್ ಬದಲಿಸಿದೆವು, ಉರಿಯಲಿಲ್ಲ. ತಂತಿ ಬದಲಿಸಿದೆವು, ಉರಿಯಲಿಲ್ಲ.’ ಮಂಡಲವನ್ನು ನೋಡದ ಇನ್ನೊಂದು ಗುಂಪು ಆ ಚೀಟಿ ಮಾತ್ರ ಓದಿ ದೋಷ ಎಲ್ಲಿದೆ ಎಂದು ಹೇಳಲಿ. ಹೇಳಲಾಗದಿದ್ದರೆ ಚೀಟಿಯಲ್ಲಿ ಏನು ಕಡಿಮೆಯಾಯಿತು ಎಂದು ಚರ್ಚಿಸಲಿ.

ಮೂರು ಪ್ರಶ್ನೆಗಳ ಅಭ್ಯಾಸ

ಪಠ್ಯ ಮುಗಿಸುವುದೇ ಕಷ್ಟವಿರುವಾಗ ಇದಕ್ಕೆ ಸಮಯ ಎಲ್ಲಿದೆ ಎಂದು ಕೆಲವರಿಗೆ ಅನ್ನಿಸಬಹುದು. ಇದಕ್ಕೆ ಬೇರೆ ಅವಧಿ ಬೇಕಿಲ್ಲ. ಭಾಗಾಕಾರ ತಪ್ಪಿದ ಮಗು ‘ಬರ್ತಿಲ್ಲ’ ಎಂದಾಗ ಅದೇ ಮೂರು ಪ್ರಶ್ನೆ ಕೇಳಿದರಾಯಿತು. ಮೊದಲ ವಾರ ಮಕ್ಕಳು ತಡವರಿಸುತ್ತಾರೆ. ಆಮೇಲೆ ಎಷ್ಟೋ ಸಲ ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ತಪ್ಪು ಅವರಿಗೇ ಕಾಣುತ್ತದೆ.

ಇದರಿಂದ ಇನ್ನೊಂದು ಲಾಭವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ‘ಬರ್ತಿಲ್ಲ’ ಎಂದು ಸುಮ್ಮನಾಗುವ ಮಗು ಸ್ವಲ್ಪ ಕಾಲದಲ್ಲಿ ‘ನನಗೆ ಬರಲ್ಲ’ ಎನ್ನತೊಡಗುತ್ತದೆ. ವಸ್ತುವಿನ ದೋಷವನ್ನೋ ಲೆಕ್ಕದ ಒಂದು ಹೆಜ್ಜೆಯ ದೋಷವನ್ನೋ ತನ್ನ ಬುದ್ಧಿಯ ದೋಷ ಎಂದು ತಿಳಿದುಬಿಡುತ್ತದೆ. ಎಲ್ಲಿ, ಯಾವಾಗ, ಏನು ಮಾಡಿದಾಗ ಎಂದು ಬರೆಯಲು ಕಲಿತ ಮಗುವಿಗೆ ತಪ್ಪು ತನ್ನ ಹೊರಗೆ, ಹಾಳೆಯ ಮೇಲೆ ಕಾಣುತ್ತದೆ. ಕಂಡದ್ದನ್ನು ತಿದ್ದಬಹುದು.

ನಿಮ್ಮ ಶಾಲೆಯಲ್ಲಿ ಬಟ್ಟೆ ಹೊದ್ದು ಕುಳಿತ ಉಪಕರಣ ಯಾವುದಾದರೂ ಇದ್ದರೆ ಈ ವಾರ ಅದನ್ನು ಹೊರತೆಗೆಯಿರಿ. ಏಳನೇ ತರಗತಿಯ ಮಕ್ಕಳನ್ನು ಸುತ್ತ ಕೂರಿಸಿ ಮೂರು ಸಾಲು ಬರೆಸಿ. ದುರಸ್ತಿಗೆ ಕಳುಹಿಸುವ ಪತ್ರದ ಜೊತೆ ಆ ಮೂರು ಸಾಲುಗಳನ್ನೂ ಲಗತ್ತಿಸಿ, ದಿನಾಂಕ ಹಾಕಿ, ಒಂದು ಪ್ರತಿ ಶಾಲೆಯಲ್ಲಿ ಇಟ್ಟುಕೊಳ್ಳಿ.