ಉದ್ಯಾನದ ಫಲಕವೂ ಪಾರಿವಾಳದ ಹುಳುವೂ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಉದ್ಯಾನದ ಬಾಗಿಲಲ್ಲಿ ಕಳೆದ ತಿಂಗಳು ನೆಟ್ಟ ಫಲಕವೊಂದು, ಪಾರಿವಾಳಗಳಿಗೆ ಕಾಳು ಹಾಕಕೂಡದೆಂದೂ, ಹಾಕಿದವರು ದಂಡ ತೆರಬೇಕಾದೀತೆಂದೂ, ಏತಕ್ಕೆಂದರೆ ಅವುಗಳ ಹಿಕ್ಕೆಯಿಂದ ಲಾಡಿಹುಳುಗಳು ಮಕ್ಕಳ ಹೊಟ್ಟೆಯನ್ನು ಸೇರುವುವೆಂದೂ ಸಾರುತ್ತಿದೆ. ಮೊದಲೆರಡು ಮಾತುಗಳಿಗೆ ನನ್ನ ತಕರಾರಿಲ್ಲ. ಮೂರನೆಯದು ಶುದ್ಧ ಅಬದ್ಧವೆಂಬುದನ್ನು, ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸಿದವನೆಂಬ ಸಲುಗೆಯಿಂದ, ತಮ್ಮ ಪತ್ರಿಕೆಯ ಮುಖಾಂತರ ಅರಿಕೆ ಮಾಡಿಕೊಳ್ಳುತ್ತೇನೆ.

ಹುಳುವಿದೆಯೆಂಬುದು ಸುಳ್ಳಲ್ಲ. ಪಾರಿವಾಳದ ಅಂಗಚ್ಛೇದನವು ಪಾಠಕ್ರಮದಲ್ಲಿದ್ದ ದಿನಗಳಲ್ಲಿ, ಹಾಳುಕೋಟೆಯ ಬಿರುಕುಗಳಲ್ಲಿ ಗೂಡು ಕಟ್ಟುತ್ತಿದ್ದ ಕಾಡು ಪಾರಿವಾಳವೊಂದರ ಕರುಳನ್ನು ಉಪ್ಪುನೀರಿನ ತಟ್ಟೆಯಲ್ಲಿ ಉದ್ದಕ್ಕೆ ಸೀಳಿದಾಗ, ಒಳಪೊರೆಯನ್ನು ಕಚ್ಚಿಕೊಂಡಿದ್ದ ಬಿಳಿಯ ಪಟ್ಟಿಗಳು ಪೈಜಾಮದ ಲಾಡಿಯನ್ನು ನೀರಿಗೆ ಬಿಟ್ಟಂತೆ ಮೆಲ್ಲನೆ ಮಿಡುಕುತ್ತ ಮೇಲೆದ್ದುದನ್ನು ಕಂಡು, ಮುಂದಿನ ಸಾಲಿನ ಹುಡುಗನೊಬ್ಬ ಅಂದು ಮಧ್ಯಾಹ್ನದ ಊಟವನ್ನೇ ಬಿಟ್ಟನು. (ಹಾಸ್ಟೆಲಿನಲ್ಲಿ ಅಂದು ಶಾವಿಗೆ ಪಾಯಸವಿದ್ದಿತೆಂದು ಆಮೇಲೆ ತಿಳಿಯಿತು.) ಬಾಯಿಯಾಗಲಿ ಕರುಳಾಗಲಿ ಇಲ್ಲದ ಈ ಜೀವಿಯು, ಹಕ್ಕಿಯು ಪಚನ ಮಾಡಿಟ್ಟ ಅನ್ನರಸವನ್ನು ಮೈಯೆಲ್ಲ ಬಾಯಾಗಿ ಹೀರುತ್ತದೆ, ಸಾಸಿವೆಗಿಂತ ಚಿಕ್ಕದಾದ ಅದರ ತಲೆಯಲ್ಲಿರುವ ನಾಲ್ಕು ಹೀರುಬಟ್ಟಲುಗಳೂ ಕೊಕ್ಕೆಗಳ ಬಳೆಯೂ ಅಂಟಿಕೊಳ್ಳುವುದಕ್ಕೇ ಹೊರತು ಉಣ್ಣುವುದಕ್ಕಲ್ಲ. ಪಾರಿವಾಳದಲ್ಲಿ ಸಾಮಾನ್ಯವಾಗಿ ಸಿಕ್ಕುವುವು ರೈಲಿಯೆಟೀನಾ ಎಂಬ ಕುಲದವು; ಫ್ರಾನ್ಸಿನ ಪಶುವೈದ್ಯ ಅಲ್ಸೀಡ್ ರಾಯೆಯ ಹೆಸರನ್ನು ಹೊತ್ತ ಕುಲವದು.

ಆದರೆ ಹಿಕ್ಕೆಯೊಡನೆ ಹೊರಬೀಳುವ, ಮೊಟ್ಟೆ ತುಂಬಿದ ಅದರ ತುಂಡು, ನೇರವಾಗಿ ಇನ್ನೊಂದು ಪಾರಿವಾಳದ ಬಾಯಿಗೆ ಬಿದ್ದರೂ ಹುಳುವಾಗಲಾರದು. ಮೊದಲು ಅದನ್ನು ಇರುವೆಯೋ ಜೀರುಂಡೆಯೋ ತಿನ್ನಬೇಕು. ಆ ಕೀಟದ ಒಡಲಿನಲ್ಲಿ ಮರಿಯು ಕೋಶ ಕಟ್ಟಿಕೊಂಡು ಬಲಿಯಬೇಕು. ಅನಂತರ ಆ ಕೀಟವನ್ನು ಹಕ್ಕಿಯು ನುಂಗಬೇಕು. ಮಗುವೊಂದು ಹಿಕ್ಕೆಯನ್ನು ಮುಟ್ಟಿದ ಮಾತ್ರಕ್ಕೆ ಈ ಚಕ್ರವು ಪೂರ್ಣವಾಗುವುದೆಂತು? ನಮ್ಮ ಹೊಟ್ಟೆಯನ್ನು ಸೇರುವ ಹೆಸರಾಂತ ಲಾಡಿಹುಳುಗಳು ಅರೆಬೆಂದ ಹಂದಿಯ ಮತ್ತು ದನದ ಮಾಂಸದಿಂದ ಬರತಕ್ಕವು. ಪಾರಿವಾಳಕ್ಕೆ ಆ ಪಾಪದಲ್ಲಿ ಪಾಲಿಲ್ಲ. ಈ ಹುಳುವಿಗೆ ಹೆದರಬೇಕಾದವರು ಯಾರಾದರೂ ಇದ್ದರೆ ಅವರು ಹಿತ್ತಲಲ್ಲಿ ನಾಟಿ ಕೋಳಿ ಸಾಕುವವರು. ಇದೇ ಕುಲದ ಕೆಲವು ಹುಳುಗಳು ಕೋಳಿಗೂ ತಗಲಿ, ಅವುಗಳಲ್ಲೊಂದು ಜಾತಿಯು ಕರುಳಿನ ಗೋಡೆಯಲ್ಲಿ ಕ್ಷಯವೆಂದು ಭ್ರಮಿಸುವಂಥ ಗಂಟುಗಳನ್ನೆಬ್ಬಿಸುತ್ತದೆ.

ಕಾಳು ಹಾಕುವ ಪುಣ್ಯವಂತರು ಇಷ್ಟಕ್ಕೇ ಹಿಗ್ಗಬೇಕಾಗಿಲ್ಲ. ಉದ್ಯಾನದ ಕಟ್ಟೆಯ ಬಳಿ ನಾನು ಮೊನ್ನೆ ಬೆಳಗ್ಗೆ ಕುಳಿತು ನೋಡಿದೆ: ಚೆಲ್ಲಿದ ಜೋಳದ ರಾಶಿ, ಅದರ ಮೇಲೆಯೇ ಹಿಕ್ಕೆ, ಅದನ್ನು ಮುತ್ತಿದ ಇರುವೆಗಳ ಸಾಲು, ಆ ಸಾಲಿನ ನಡುವೆಯೇ ಕಾಳಿಗಾಗಿ ಕುಕ್ಕುತ್ತಿರುವ ನೂರಾರು ಕೊಕ್ಕುಗಳು. ಹಕ್ಕಿ, ಹಿಕ್ಕೆ, ಇರುವೆ ಮೂರನ್ನೂ ಒಂದು ಮೊಳ ಜಾಗದಲ್ಲಿ ಕೂಡಿಸಿ, ಹೊಲದಿಂದ ಹೊಲಕ್ಕೆ ಹಾರುತ್ತ ಮೇಯುವ ಪಾರಿವಾಳಕ್ಕೆ ಅಷ್ಟು ಸುಲಭವಾಗಿ ತಗಲದ ಹುಳುವನ್ನು ನಾವು ಕರುಣೆಯಿಂದಲೇ ಅದಕ್ಕೆ ಉಣಿಸುತ್ತಿದ್ದೇವೆ. ದಂಡದ ಭಯಕ್ಕಿಂತ ಈ ಸಂಗತಿಯು ಕೆಲವರ ಕೈಯನ್ನಾದರೂ ತಡೆದೀತೆಂದು ನನ್ನ ನಂಬಿಕೆ.

ಇನ್ನು ಫಲಕವು ಮರೆತ ಮಾತು. ಪಾರಿವಾಳದಿಂದ ಮನುಷ್ಯನಿಗೆ ಅಪಾಯವಿರುವುದು ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ. ಒಣಗಿದ ಹಿಕ್ಕೆಯ ಮತ್ತು ಗರಿಯ ಧೂಳನ್ನು ಬಹುಕಾಲ ಉಸಿರಾಡಿದ ಕೆಲವರಲ್ಲಿ ಶ್ವಾಸಕೋಶವು ಊದಿಕೊಂಡು, ಕ್ರಮೇಣ ಗಟ್ಟಿಯಾಗಿ, ಹಿಂದಿರುಗದಷ್ಟು ಕೆಡುತ್ತದೆ. ಮಿದುಳಿನ ಪೊರೆಗೆ ನಂಜೇರಿಸಬಲ್ಲ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರವು ಪಾರಿವಾಳದ ಗೂಡು ಮತ್ತು ಹಿಕ್ಕೆಗಳಲ್ಲಿ ಇರುವುದನ್ನು ಅಮೆರಿಕದ ಚೆಸ್ಟರ್ ಎಮ್ಮನ್ಸ್ 1955ರಲ್ಲಿಯೇ ತೋರಿಸಿಕೊಟ್ಟರು. ಮುಂಬಯಿಯ ನಗರಪಾಲಿಕೆಯು 2025ರ ಆಗಸ್ಟಿನಲ್ಲಿ ದಾದರಿನ ಕಾಳಿನ ತಾಣಕ್ಕೆ ಟಾರ್ಪಾಲು ಹೊದಿಸಿದಾಗ ಎದ್ದ ವಾದವೂ ಉಸಿರಾಟದ ಕಾಯಿಲೆಯನ್ನು ಕುರಿತದ್ದೇ ಹೊರತು ಹೊಟ್ಟೆಯ ಹುಳುವನ್ನು ಕುರಿತದ್ದಲ್ಲ.

ತಪ್ಪು ಅಂಗಕ್ಕೆ ಬೊಟ್ಟು ಮಾಡಿದ್ದರ ಫಲವು ಕಣ್ಣೆದುರಿಗಿದೆ. ನಮ್ಮ ಬೀದಿಯ ತಾಯಂದಿರು ಮಕ್ಕಳಿಗೆ ಜಂತುಹುಳುವಿನ ಮಾತ್ರೆ ನುಂಗಿಸಿ ನಿಶ್ಚಿಂತರಾಗಿದ್ದಾರೆ. ಅದೇ ಫಲಕದ ಕೆಳಗೆ, ಬೆಳಗಿನ ಆರು ಗಂಟೆಗೆ, ಪೌರಕಾರ್ಮಿಕ ಹೆಂಗಸೊಬ್ಬಳು ಸೆರಗನ್ನು ಮೂಗಿಗೆ ಸುತ್ತಿಕೊಂಡು ಒಣಹಿಕ್ಕೆಯನ್ನು ತೆಂಗಿನ ಪೊರಕೆಯಿಂದ ಗುಡಿಸುತ್ತಾಳೆ, ಬಿಳಿಯ ಧೂಳು ಅವಳ ಎದೆಯೆತ್ತರಕ್ಕೆ ಏಳುತ್ತದೆ. ಫಲಕದ ಮೂರನೆಯ ಸಾಲನ್ನು ಅಳಿಸಿ ಬರೆಯಿಸಬೇಕೆಂದೂ, ಅದಕ್ಕೂ ಮುನ್ನ ಆಕೆಗೆ ಒಂದು ಒಳ್ಳೆಯ ಮುಖಗವಸನ್ನೂ, ಗುಡಿಸುವ ಮೊದಲು ನೆಲಕ್ಕೆ ಚಿಮುಕಿಸಲು ಎರಡು ಬಿಂದಿಗೆ ನೀರನ್ನೂ ಒದಗಿಸಬೇಕೆಂದೂ ಸಂಬಂಧಪಟ್ಟವರಲ್ಲಿ ನನ್ನ ಪ್ರಾರ್ಥನೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ
ಮೈಸೂರು